ಬಿಸಿಲು ಇಳಿಯದ ಅಂಗಳ

ಊರಂಚಿನ ಆ ಪುಟ್ಟ ಬಡಾವಣೆಗೆ ಮೈಗೆ ಮೀರಿದ ಗತ್ತು. ನಾಲ್ಕು ಬೀದಿಯ ಜಾಗದಲ್ಲಿ ಮುಗಿಲು ಮುಟ್ಟುವ ಕಟ್ಟಡಗಳು ಎದ್ದಿದ್ದವು. ಬಸ್ಸಿನಲ್ಲಿ ಹೋಗುವವರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಅವುಗಳ ಬುಡದಲ್ಲೇ ಬಟ್ಟೆ ಒಗೆಯುವ ಅಕ್ಕನ ಮನೆ. ಗಂಡ ಸತ್ತ ಮೇಲೆ ಅಂಗಳದ ಬಿಸಿಲನ್ನೇ ನಂಬಿಕೊಂಡು ಮಗಳನ್ನು ಸಾಕಿದ್ದಳು. ಕೊನೆಯ ಕಟ್ಟಡ ಎದ್ದ ವರ್ಷ ಆ ಬಿಸಿಲು ಅಂಗಳಕ್ಕೆ ಇಳಿಯುವುದೇ ನಿಂತುಹೋಯಿತು. ಹಗ್ಗದ ಮೇಲಿನ ಬಟ್ಟೆ ಮಾರನೇ ದಿನವೂ ಹಸಿಹಸಿ.

ಅದೇ ಕಟ್ಟಡದ ಯಜಮಾನಿಯೊಬ್ಬಳು ಒಂದು ಬೆಳಿಗ್ಗೆ ಬಂದು ಬಟ್ಟೆಗಂಟನ್ನು ಬಾಗಿಲಲ್ಲಿ ಎಸೆದಳು. "ಮುಗ್ಗಲು ವಾಸನೆ ಹೊಡೀತಿದೆ! ಬಿಸಿಲಿಗೆ ಹಾಕೋಕೂ ಮೈಗಳ್ಳತನಾನಾ?"

"ನಿಮ್ಮ ಬಿಲ್ಡಿಂಗೇ ಬಿಸಿಲನ್ನ ನುಂಗಿಬಿಡ್ತಲ್ಲಮ್ಮಾ. ತಾರಸೀಲಿ ಒಂದು ಹಗ್ಗ ಕಟ್ಕೊಳ್ಳಲಾ?"

"ಅಲ್ಲಿ ಊರೋರ ಚಡ್ಡಿ ನೇತಾಡಿದ್ರೆ ದೂರದಿಂದ ನೋಡೋರು ಏನಂತಾರೆ?" ಎಂದು ಯಜಮಾನಿ ನಕ್ಕಳು.

ಗಿರಾಕಿಗಳು ಒಬ್ಬೊಬ್ಬರಾಗಿ ಕೈಬಿಟ್ಟರು. ಕಡೆಗೆ ಅಕ್ಕ ಆ ಕಟ್ಟಡದ ನೆಲಮಾಳಿಗೆಯಲ್ಲೇ, ಯಂತ್ರ ಒಣಗಿಸಿ ಉಗುಳಿದ ಬಟ್ಟೆ ಮಡಚುವ ಕೆಲಸಕ್ಕೆ ಸೇರಿದಳು. ಅಲ್ಲಿ ಒಂದು ಕಿಟಕಿಯೂ ಇಲ್ಲ.

"ನಮ್ಮಮ್ಮ ಟವರಲ್ಲಿ ಕೆಲಸ ಮಾಡ್ತಾಳೆ," ಎಂದು ಮಗಳು ಗೆಳತಿಯರ ಮುಂದೆ ಕೊಚ್ಚಿಕೊಳ್ಳುತ್ತಾಳೆ. ಎಷ್ಟನೇ ಮಹಡಿ ಎಂದು ಯಾರಾದರೂ ಕೇಳಿದರೆ ತಲೆಯೆತ್ತಿ ಮೇಲಕ್ಕೆ ಬೆರಳು ತೋರಿಸುತ್ತಾಳೆ.