ಉಪ್ಪುನೀರು ಕುಡಿದ ಬೀನ್ಸ್

ಮಸಿನಗುಡಿಯ ನಮ್ಮ ಬೋರ್‌ವೆಲ್ ನೀರು ಬಾಯಿಗಿಟ್ಟರೆ ಉಪ್ಪು. ಅಂಥ ನೀರಿನಲ್ಲಿ, ಅದೂ ಮಣ್ಣಿಲ್ಲದೆ, ಬೀನ್ಸ್ ಬೆಳೆಯಲು ಹೊರಟವಳು ನಾನು. ಮನೆಯ ಹಿಂದೆ ಶೆಡ್ ಹಾಕಿಸಿ, ತೆಂಗಿನ ನಾರಿನ ಪುಡಿ ತುಂಬಿದ ಕುಂಡಗಳಿಗೆ ಗೊಬ್ಬರ ಕರಗಿಸಿದ ನೀರನ್ನು ಸಣ್ಣ ಪೈಪುಗಳಲ್ಲಿ ಬಿಡುತ್ತಿದ್ದೆ. ತೊಟ್ಟಿಯಲ್ಲಿ ಮಳೆನೀರು ಇರುವವರೆಗೆ ಎಲ್ಲ ಚೆನ್ನ. ಬೇಸಿಗೆಯಲ್ಲಿ ಬೋರ್ ನೀರೇ ಗತಿ. ಆಗ ಎಲೆಯಂಚು ಸುಟ್ಟು, ಹೂವು ಉದುರಿ, ಶೆಡ್ ಬಿಕೋ ಎನ್ನುತ್ತಿತ್ತು. ಇನ್ನೊಂದು ಬೇಸಿಗೆ ಹೀಗಾದರೆ ಶೆಡ್ ಕಿತ್ತುಹಾಕುವುದೆಂದು ಮನೆಯಲ್ಲಿ ಮಾತಾಗಿತ್ತು.

ಆ ವರ್ಷವೇ ತಮ್ಮನಿಗೆ ಬೊಕ್ಕಾಪುರದ ರೆಸಾರ್ಟಿನಲ್ಲಿ ಕೆಲಸ ಸಿಕ್ಕಿ, ಗಂಡಹೆಂಡಿರು ನಮ್ಮ ಪಕ್ಕಕ್ಕೇ ಬಾಡಿಗೆಗೆ ಬಂದರು. ತಮ್ಮನ ಹೆಂಡತಿ ಶೆಡ್ ನೋಡಿ, "ಅಕ್ಕ, ಅರ್ಧ ನನಗ ಬಿಡು. ನನ್ನ ಬಿತ್ತು ಹಾಕಿ ನೋಡುವ" ಎಂದಳು. ನನ್ನ ಹತ್ತಿರವೂ ಬೀಜವಿತ್ತು. ಮಂಜೂರಿನ ಮೇಲಿನ ಹಟ್ಟಿಯಲ್ಲಿರುವ ನಮ್ಮ ಅವ್ವೆ, ನನ್ನ ಮದುವೆಯಾದಾಗಿನಿಂದ ನನಗೆಂದೇ ಕಟ್ಟಿಕೊಡುತ್ತಿದ್ದ ಬಿಳಿ ಬೀನ್ಸ್. ಹೆತ್ತ ತಾಯಿ ಕೊಟ್ಟ ಬೀಜ, ಸೋಲುವುದುಂಟೇ? ದೊಡ್ಡ ಮನಸ್ಸಿನವಳ ಹಾಗೆ ಅರ್ಧ ಬಿಟ್ಟುಕೊಟ್ಟೆ.

ಮಾರ್ಚ್‌ನಲ್ಲಿ ಮಳೆನೀರು ಮುಗಿಯಿತು. ವಾರ ಕಳೆಯುವುದರೊಳಗೆ ನನ್ನ ಗಿಡಗಳ ಕೆಳಗಿನ ಎಲೆಗಳು ಅಂಚಿನಲ್ಲಿ ಕಂದಿದವು. ಅವಳವು ಕೊಂಚ ಕುಳ್ಳಾದವು, ಅಷ್ಟೇ. ಹೂವು ಉದುರದೆ ನಿಂತಿತು, ಕಾಯಿ ಜೋತುಬಿತ್ತು. ನನಗೆ ಹೊಟ್ಟೆ ಉರಿಯಿತು. ಅವಳು ನನ್ನ ಕಣ್ಣು ತಪ್ಪಿಸಿ ಕುಡಿಯುವ ಸಿಹಿನೀರು ಹಾಕುತ್ತಿದ್ದಾಳೆಂದೇ ನನ್ನ ಅನುಮಾನ. ಒಂದು ಮಧ್ಯಾಹ್ನ ಅವಳು ಊಟಕ್ಕೆ ಹೋದಾಗ, ಉಪ್ಪು ಅಳೆಯುವ ಮೀಟರನ್ನು ಅವಳ ಕುಂಡಗಳಿಂದ ಸೋರಿದ ನೀರಿಗೆ ಅದ್ದಿದೆ. ನನ್ನ ಕಡೆ ಎಷ್ಟೋ ಅಲ್ಲಿಯೂ ಅಷ್ಟೇ. ಮೀಟರ್ ಕೆಟ್ಟಿರಬೇಕೆಂದು ಒರೆಸಿ ಮತ್ತೆ ಅದ್ದಿದೆ. ಅದು ಸರಿಯಾಗಿಯೇ ಇತ್ತು, ಹಾಳಾದ್ದು!

ಕೊನೆಗೆ ತಡೆಯಲಾರದೆ ಕೇಳಿದೆ, "ಎಲ್ಲಿ ಸಿಕ್ಕಿತು ಈ ಬಿತ್ತು? ಊಟಿ ಅಂಗಡೀದಾ?"

"ಇಲ್ಲಕ್ಕ. ಮಾಮಿ ಕೊಟ್ಟದು."

ಅವಳ ಮಾಮಿ, ಎಂದರೆ ಅತ್ತೆ. ಎಂದರೆ ನನ್ನ ಅವ್ವೆ.

ಅಲ್ಲೇ ನಿಂತು ಅವ್ವೆಗೆ ಫೋನು ಮಾಡಿದೆ. ಅವಳು ಏನೂ ಮುಚ್ಚಿಡಲಿಲ್ಲ. ಎಮ್ಮೆಗಳಿದ್ದ ಕಾಲದಲ್ಲಿ ಅವಕ್ಕೆ ಉಪ್ಪುನೀರು ಕುಡಿಸಲು ಮನೆಯ ಬಳಿ ಒಂದು ಗುಂಡಿ ಇತ್ತು. ಸುತ್ತಲ ನೆಲದಲ್ಲಿ ಹುಲ್ಲೂ ಸರಿಯಾಗಿ ಏಳುತ್ತಿರಲಿಲ್ಲ. ಅಲ್ಲಿ ಬದುಕಿ ಕಾಯಿಬಿಟ್ಟ ಬೀನ್ಸ್ ಬಳ್ಳಿಗಳ ಬೀಜವನ್ನು ಅವ್ವೆಯ ಅತ್ತೆ ಬೇರೆ ತೆಗೆದಿಟ್ಟು ಅವ್ವೆಗೆ ಕೊಟ್ಟಿದ್ದಳಂತೆ, ಅವ್ವೆಯೂ ವರ್ಷ ವರ್ಷ ಹಾಗೇ ಉಳಿಸಿಕೊಂಡು ಬಂದಿದ್ದಳು. ಆ ಗುಂಡಿಯ ಸುತ್ತ ಆಡಿ ಬೆಳೆದವಳು ನಾನು. ಆ ಬೀಜದ ಸುದ್ದಿ ಮಾತ್ರ ನನ್ನ ಕಿವಿಗೆ ಬಿದ್ದಿರಲಿಲ್ಲ.

"ನನಗ್ಯಾಕ ಕೊಡಲಿಲ್ಲ ಅವ್ವೆ?"

"ಅದು ಮನೆ ಬಿತ್ತು. ಮನೆಗ ಬಂದ ಸೊಸೆಗ ಕೊಟ್ಟೆ. ನೀ ಮನೆಂದ ಹೋದವ," ಎಂದಳು. ಬೈದದ್ದಲ್ಲ. ಸಂಜೆ ಮಂಜು ಇಳಿಯಿತು ಎನ್ನುವಷ್ಟು ಸಹಜವಾಗಿ ಹೇಳಿದಳು. ಅಷ್ಟು ದಿನ ಎಲೆಯ ಮೇಲಿದ್ದ ಹೊಟ್ಟೆಕಿಚ್ಚು ಈಗ ಇಡಿಯಾಗಿ ತಮ್ಮನ ಹೆಂಡತಿಯ ಮೇಲೆಯೇ ತಿರುಗಿತು. ನನ್ನ ಅವ್ವೆ ನನಗಿಂತ ಹೆಚ್ಚಾಗಿ ಅವಳಿಗೆ ಸೇರಿದವಳು ಎಂದು ಅನ್ನಿಸಿ ಅಳು ಬಂತು.

ನನ್ನ ಗಿಡಗಳನ್ನು ನಾನೇ ಕಿತ್ತೆ. ಶೆಡ್ ಉಳಿಯಬೇಕಾದರೆ ಬೇರೆ ದಾರಿ ಇರಲಿಲ್ಲ, ಅವಳ ಬಾಗಿಲಿಗೆ ಹೋದೆ. ಅವಳು ಒಳಗಿನಿಂದ ಡಬ್ಬಿ ತಂದು ಮುಚ್ಚಳ ತೆಗೆದಳು. ಮುಖದಲ್ಲಿ ಚೂರಾದರೂ ಗರ್ವವಿದ್ದಿದ್ದರೆ ಜಗಳ ಆಡಬಹುದಿತ್ತು.

"ಎಷ್ಟು ಬೇಕಕ್ಕ?" ಎಂದಳು.

"ಶೆಡ್ ತುಂಬುವಷ್ಟು," ಎಂದೆ, ನನ್ನ ಅವ್ವೆಯ ಬೀಜಕ್ಕೆ ಅವಳ ಮುಂದೆ ಕೈಯೊಡ್ಡಿ.