ಬಂದೂಕಿನ ಅಜ್ಜ ಹೇಳಿದ ನಿಜ

ಎಣ್ಣೆ, ಮಸಿ ಹತ್ತಿ ಕರ್ರಗಾಗಿದ್ದ ಅಜ್ಜನ ಕೈಯಲ್ಲಿ ಬಲ ಹೆಬ್ಬೆರಳಿನ ಉಗುರೊಂದೇ ಬೆಳ್ಳಗಿತ್ತು. ಅದನ್ನು ದಿನಾ ನಿಂಬೆಸಿಪ್ಪೆಯಿಂದ ತಿಕ್ಕುತ್ತಿದ್ದರು. ಯಾರಾದರೂ ಹಳೆಯ ಬಂದೂಕು ತಂದರೆ, ಖಾಲಿ ಇದೆಯೇ ಎಂದು ಎರಡು ಸಲ ನೋಡಿ, ನಳಿಗೆಯ ಹಿಂಬದಿಗೆ ಆ ಉಗುರು ಹಿಡಿದು ಮುಂದಿನಿಂದ ಕಣ್ಣಿಡುವರು. ಉಗುರಿನ ಮೇಲೆ ಬಿದ್ದ ಬೆಳಕಿಗೆ ಒಳಗಿನ ಸುರುಳಿ ಗೆರೆಗಳು ಕಾಣುತ್ತಿದ್ದವು. "ಮ್ಯಾಲಿನ ಥಳಕು ನೋಡಬ್ಯಾಡ ತಂಗಿ, ಹೊಟ್ಟಿ ನೋಡು" ಎನ್ನುತ್ತಿದ್ದರು.

ರಾಣೆಬೆನ್ನೂರಿನಲ್ಲಿ ನನ್ನ ಬೀಜದ ಅಂಗಡಿಯ ಪಕ್ಕದಲ್ಲೇ ಅವರ ಬಂದೂಕು ರಿಪೇರಿ ಅಂಗಡಿ. ನಾನು ಅಜ್ಜ ಎನ್ನುತ್ತಿದ್ದೆ. ಕಾಕಾನ ಮೇಲಿನ ನನ್ನ ಸಿಟ್ಟು ಪೂರಾ ಗೊತ್ತಿದ್ದದ್ದು ಅವರೊಬ್ಬರಿಗೇ. ಅಪ್ಪ ತೀರಿಕೊಂಡ ತಿಂಗಳಲ್ಲೇ ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವ ಕಾಕಾ, ಅಪ್ಪನ ತಮ್ಮ, ಬಂದು, "ವೈನಿ, ಇದರ ನಳಿಗಿ ಒಳಗ ತುಕ್ಕು ತಿಂದೈತಿ, ಗುಜರಿ ಮಾಲು" ಎಂದು ಅವ್ವನನ್ನು ನಂಬಿಸಿ, ಮುತ್ತಜ್ಜನ ರೈಫಲನ್ನು ತನ್ನ ಲೈಸೆನ್ಸಿಗೆ ಬರೆಸಿಕೊಂಡು ಒಯ್ದ. ಆಮೇಲೆ ಅದನ್ನೇ ಊರಿಗೆಲ್ಲ ತೋರಿಸಿ ಮೀಸೆ ತಿರುವಿದ. ಮನೆತನದ ವಸ್ತು ಕಳೆದವಳು ಎಂದು ನೆಂಟರು ಚುಚ್ಚಿದ್ದು ಮಾತ್ರ ಅವ್ವನನ್ನು.

ವರ್ಷಗಳ ಮೇಲೆ ಕಾಕಾ ಅದನ್ನು ಮಾರಲು ಹೊರಟು, ಬೆಲೆ ಕಟ್ಟಿಸಲು ಅಜ್ಜನ ಹತ್ತಿರವೇ ಬರುವವನಿದ್ದ. ನಾನು ಅಜ್ಜನ ಬೆನ್ನು ಬಿದ್ದೆ. "ಗುಜರಿ ಅಂತ ಹೇಳಿಬಿಡ್ರಿ ಅಜ್ಜಾ. ಅವ್ವ ಅತ್ತಂಗ ಅವನೂ ಅಳಲಿ."

"ಸುಳ್ಳು ನನ್ನ ಬಾಯಾಗ ಬರಂಗಿಲ್ಲ. ನಿಮ್ಮವ್ವನ್ನ ಕರ್ಕೊಂಡು ಬಾ."

ಆ ದಿನ ಅವ್ವನನ್ನು ಕರೆದುಕೊಂಡು ಹೋದೆ. ಕಾಕಾ ಜಂಬಕ್ಕೆ ನಾಲ್ಕು ಜನ ನೆಂಟರನ್ನೂ ಕರೆತಂದ. ರೈಫಲ್ ಸ್ಟೀಲ್ ಲೋಟದಂತೆ ಹೊಳೆಯುತ್ತಿತ್ತು.

"ಯಾರು ತಿಕ್ಯಾರ ಇದನ್ನ?" ಅಜ್ಜ ಕೇಳಿದರು.

"ನಾನರೀ. ವರ್ಷಾ ಆಯುಧ ಪೂಜಿಗೆ ಹುಣಸಿಹಣ್ಣು ಹಚ್ಚಿ, ಪಾಲಿಶ್ ಪೇಪರ್ ಹಾಕಿ ತಿಕ್ಕತೇನಿ."

"ಮಾಡಿದವರ ಮುದ್ರಿ, ಹಳೇ ಕಂದು ಬಣ್ಣ, ಎರಡೂ ತಿಕ್ಕಿ ತಗದೀರಿ. ಹಳೇ ಮಾಲು ಕೊಳ್ಳವ್ರಿಗೆ ಬೇಕಾಗಿದ್ದು ಅದಽ. ಇನ್ನ ಇದಕ್ಕ ಬೆಲೆ ಬರಂಗಿಲ್ಲ, ಗ್ವಾಡಿಗೆ ತೂಗಹಾಕ್ರಿ." ಅಜ್ಜ ನಳಿಗೆಯೊಳಗೆ ಬಹಳ ಹೊತ್ತು ನೋಡಿದರು. ಆಮೇಲೆ ನೆಂಟರ ಕಡೆ ತಿರುಗಿ, "ಒಳಗ ಮಾತ್ರ ಕನ್ನಡಿ ಇದ್ದಂಗ ಐತಿ. ಇದಕ್ಕ ತುಕ್ಕು ಎಂದೂ ಹತ್ತಿಲ್ಲ. ಹತ್ತಿತ್ತು ಅಂತ ಯಾರಾರ ಹೇಳಿದ್ರ ಅದು ಖರೇ ಅಲ್ಲ" ಎಂದರು.

ತುಕ್ಕಿನ ಮಾತು ಯಾರದೆಂದು ಗೊತ್ತಿದ್ದ ನೆಂಟರೆಲ್ಲ ಕಾಕಾನ ಮುಖ ನೋಡಿದರು. ಅವನು ತಲೆ ತಗ್ಗಿಸಿದ. ನನಗೆ ಹಬ್ಬದೂಟ ಉಂಡಷ್ಟು ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ನಾನು ಹೇಳಿಕೊಟ್ಟ ಸುಳ್ಳನ್ನು ಅಜ್ಜ ಹೇಳಿದ್ದರೆ ಅವ್ವನ ಮೇಲಿನ ಅಪವಾದ ಹಾಗೇ ಉಳಿಯುತ್ತಿತ್ತು.

ಹೋದ ಕಾರ್ತಿಕದಲ್ಲಿ ಅಜ್ಜ ತೀರಿಕೊಂಡರು. ಮಾಲೆ ಹಿಡಿದು ಕಾಕಾನೂ ಬಂದಿದ್ದ. ನಾಲ್ಕು ಜನರೆದುರು ಎಂದೂ ದನಿ ಎತ್ತದ ಅವ್ವ, "ಹಿಂದ ಸರಿ. ಮೊದಲ ನಾ ಹಾಕತೇನಿ" ಎಂದಳು.

ಅವನು ಸರಿದು ನಿಂತ.