ನೀರಿನ ಗ್ಯಾಸೂ ಮರ್ದಾನಸಾಬನ ಸಿಟ್ಟೂ

ಬೆಟಗೇರಿಯ ಮರ್ದಾನಸಾಬ ಸಿಟ್ಟಿನ ಮನುಷ್ಯ. ಡೀಸೆಲ್ ಇಂಜಿನ್ ರಿಪೇರಿಯಲ್ಲಿ ಅವನನ್ನು ಮೀರಿಸುವವರು ಗದಗಿನ ಸುತ್ತಮುತ್ತ ಇರಲಿಲ್ಲ, ಬೈಯುವುದರಲ್ಲಂತೂ ಇರಲೇ ಇಲ್ಲ. ಕೊಳಕು ಎಣ್ಣೆ ಹಾಕಿ ಇಂಜಿನ್ ಕೆಡಿಸಿಕೊಂಡು ಬಂದವರಿಗೆ ಮೊದಲು ಬೈಗುಳ, ಆಮೇಲೆ ಚಹಾ, ಕೊನೆಗೆ ರಿಪೇರಿ. ಮೂವತ್ತೈದು ವರ್ಷದಿಂದ ಅಂಗಡಿಯಲ್ಲಿ ನಡೆದುಬಂದದ್ದು ಇದೇ. ಬೈಸಿಕೊಂಡವರು ತಿರುಗಿ ಅವನ ಹತ್ತಿರವೇ ಬರುತ್ತಿದ್ದರು, ಏಕೆಂದರೆ ಅವನು ಬೈದದ್ದು ಸುಳ್ಳಾದ ದಿನವಿರಲಿಲ್ಲ. ಸಿಟ್ಟಿನವನಲ್ಲಿ ಕಪಟವಿಲ್ಲ ಎಂದು ಜನ ಅವನನ್ನು ಹೊಗಳುತ್ತಿದ್ದರು. ಹೊಗಳಿ ಹೊಗಳಿಯೇ ಕೆಡಿಸಿದರು ಎಂದು ನನಗನ್ನಿಸುತ್ತದೆ.

ಸೊರಟೂರಿನ ನೀಲಗಂಗವ್ವನ ಹಿಟ್ಟಿನ ಗಿರಣಿಯ ಇಂಜಿನ್ನನ್ನು ಅವನು ಇಪ್ಪತ್ತೆರಡು ವರ್ಷದಿಂದ ನೋಡಿಕೊಂಡು ಬಂದಿದ್ದ. ಗಂಡ ತೀರಿಕೊಂಡ ಮೇಲೆ ಗಿರಣಿ ನಡೆಸುತ್ತ ಬಂದವಳು ಆಕೆ. ಜೋಳದ ಹಿಟ್ಟನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿ ಕಲ್ಲು ಸವೆದಿದೆಯೋ ಇಲ್ಲವೋ ಹೇಳುವಷ್ಟು ಗಟ್ಟಿಗಿತ್ತಿ. ಮರ್ದಾನಸಾಬನ ಹೆಂಡತಿ ಮೆಹಬೂಬಿ ಆಸ್ಪತ್ರೆಯಲ್ಲಿದ್ದಾಗ ಎಂಟು ದಿನ ಗಿರಣಿ ಮುಚ್ಚಿ ಬಂದು ಕೂತಿದ್ದಳು. ಪ್ರತಿ ವರ್ಷ ದಸರೆಯಲ್ಲಿ ಯಂತ್ರಗಳಿಗೆ ಮಾಡುವ ಖಂಡೆ ಪೂಜೆಯ ಹಿಂದಿನ ದಿನ ಅವನು ಯಾರೂ ಕರೆಯದೆಯೇ ಸೊರಟೂರಿಗೆ ಹೋಗಿ ಇಂಜಿನ್ ಬಿಚ್ಚಿ, ತೊಳೆದು, ಎಣ್ಣೆ ಹಾಕಿ ಬರುವನು. ಮರುದಿನ ಆಕೆ ಪೂಜೆ ಮಾಡಿ ಹೋಳಿಗೆಯ ಡಬ್ಬಿ ಬೆಟಗೇರಿಗೆ ಕಳಿಸುವಳು.

ಈ ನಡುವೆ ನಂದೀಶನೆಂಬ ಏಜೆಂಟ ಬಂದು ವಕ್ಕರಿಸಿದ. ಮುಳಗುಂದದ ಸಂತೆಯಲ್ಲಿ ಟೇಬಲ್ ಹಾಕಿ, ನೀರಿನ ಡಬ್ಬಿಗೆ ಬ್ಯಾಟರಿಯ ವೈರು ಸಿಕ್ಕಿಸಿ, ಹೊರಬಂದ ಗ್ಯಾಸನ್ನು ಸೋಪಿನ ನೀರಿನಲ್ಲಿ ಊದಿ, ನೊರೆಗೆ ಕಡ್ಡಿ ಗೀರಿದ. ಫಟ್ಟೆಂದು ಸಿಡಿಯಿತು. ನೀರಿನಿಂದ ಬೆಂಕಿ ತೆಗೆದನೆಂದು ಜನ ಚಪ್ಪಾಳೆ ತಟ್ಟಿದರು. ಈ ಗ್ಯಾಸನ್ನು ಇಂಜಿನ್ನಿಗೆ ಕುಡಿಸಿದರೆ ಡೀಸೆಲ್ ಅರ್ಧಕ್ಕರ್ಧ ಉಳಿಯುತ್ತದೆಂದು ಅವನು ಹೇಳಿದ್ದನ್ನು ನೀಲಗಂಗವ್ವ ನಂಬಿದಳು.

ಮುಂದಿನ ವಾರ ಗಿರಣಿಗೆ ಹೋದ ಮರ್ದಾನಸಾಬ ನೋಡುತ್ತಾನೆ, ಇಂಜಿನ್ನಿನ ಪಕ್ಕದಲ್ಲಿ ಕಾಸ್ಟಿಕ್ ಸೋಡಾ ಕಲಸಿದ ನೀರಿನ ಡಬ್ಬಿ ಗುಳುಗುಳು ಎನ್ನುತ್ತಿದೆ. ಡಬ್ಬಿಗೆ ಬ್ಯಾಟರಿ, ಬ್ಯಾಟರಿಗೆ ಡೈನಮೊ, ಡೈನಮೊಗೆ ಇಂಜಿನ್ನಿನದೇ ಬೆಲ್ಟು. ಡಬ್ಬಿಯಿಂದ ಹೊರಟ ರಬ್ಬರ್ ಪೈಪು ಇಂಜಿನ್ ಗಾಳಿ ಎಳೆಯುವ ಫಿಲ್ಟರಿನ ಬಾಯಿಗೆ ಸೇರಿದೆ. ನಂದೀಶನೂ ಅಲ್ಲೇ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದಾನೆ. ಸಾಬನ ಸಿಟ್ಟು ನೆತ್ತಿಗೇರಿತು.

“ತಂಗೀ, ಹೈಡ್ರೋಜನ್ ಉರದ ಮ್ಯಾಲ ಉಳಿಯೂ ಬೂದಿ ಅಂದ್ರ ನೀರು. ಒಲ್ಯಾಗಿನ ಬೂದಿ ಹಚ್ಚಿ ಮತ್ತ ರೊಟ್ಟಿ ಬೇಯಿಸ್ತೀ ಏನ?”

ಆಮೇಲೆ ಬಿಡಿಸಿ ಹೇಳಿದ. ಹೈಡ್ರೋಜನ್ನೂ ಆಮ್ಲಜನಕವೂ ಕೂಡಿ ನೀರಾಗುವಾಗ ಶಾಖ ಬಿಡುತ್ತವೆ. ಆ ನೀರನ್ನು ಮತ್ತೆ ಒಡೆಯಬೇಕೆಂದರೆ ಬಿಟ್ಟ ಅಷ್ಟೂ ಶಕ್ತಿಯನ್ನು ವಾಪಸು ಕೊಡಬೇಕು, ನಡುವೆ ಸೋರಿಹೋಗುವುದು ಬೇರೆ. ಕೊಡುವವರು ಯಾರು? ಬ್ಯಾಟರಿ. ಬ್ಯಾಟರಿಗೆ ಡೈನಮೊ, ಡೈನಮೊಗೆ ಇಂಜಿನ್, ಇಂಜಿನ್ನಿಗೆ ಅದೇ ಡೀಸೆಲ್. ಉಳಿಯುವುದು ಎಲ್ಲಿಂದ, ಇನ್ನೊಂದಿಷ್ಟು ಹೆಚ್ಚೇ ಸುಡುತ್ತದೆ.

ಸಾಬರು ಹಳೇ ಕಾಲದ ಮಿಸ್ತ್ರಿ, ಹೊಸದು ತಲೆಗೆ ಹತ್ತುವುದಿಲ್ಲ ಎಂದು ನಂದೀಶ ನಕ್ಕ. ಆ ನಗೆಯನ್ನಾದರೂ ಮರ್ದಾನಸಾಬ ನುಂಗಿಕೊಳ್ಳುತ್ತಿದ್ದ. ನುಂಗಲಾಗದ್ದು ನೀಲಗಂಗವ್ವನ ಮಾತು.

“ಇಂಜಿನ್ ಕೆಡಲಿಲ್ಲಂದ್ರ ನಿನಗ ಕೆಲಸ ಇಲ್ಲದಂಗಾಕ್ಕೈತಿ ಅಂತ ಸಿಟ್ಟೇನ ಅಣ್ಣಾ?”

ಇಪ್ಪತ್ತೆರಡು ವರ್ಷದ ಮೇಲೆ ಈ ಮಾತು! ಅವನು ನಟ್ಟು ಬಿಚ್ಚುವ ಪಾನಾ ನೆಲಕ್ಕೆಸೆದು, ಇನ್ನು ಈ ಹೊಸ್ತಿಲು ತುಳಿದರೆ ಕೇಳು ಎಂದು ಹೊರಟುಬಿಟ್ಟ.

ಮುಂದೆ ಎರಡು ತಿಂಗಳು ಅವನ ಬಾಯಲ್ಲಿ ಬೇರೆ ಮಾತಿಲ್ಲ. ಲಕ್ಷ್ಮೇಶ್ವರಕ್ಕೆ ರಿಪೇರಿಗೆ ಹೋದರೂ ಅದೇ, ಶಿರಹಟ್ಟಿಯ ಚಹಾದಂಗಡಿಯಲ್ಲಿ ಕೂತರೂ ಅದೇ. ಹೈಡ್ರೋಜನ್ನಿನಿಂದ ಇಂಜಿನ್ ಓಡುವುದು ಖರೆ, ದೊಡ್ಡ ಕಂಪನಿಗಳು ಬೇರೆ ಕಡೆ ತಯಾರಿಸಿದ ಗ್ಯಾಸನ್ನು ಗಟ್ಟಿ ಸಿಲಿಂಡರಿನಲ್ಲಿ ತುಂಬಿ ಲಾರಿ ಓಡಿಸಿ ನೋಡುತ್ತಿವೆ, ಅದರ ಸೈಲೆನ್ಸರಿನಿಂದ ನೀರಿನ ಹಬೆ ಬರುತ್ತದೆ. ಸುಳ್ಳು ಇರುವುದು ಹೈಡ್ರೋಜನ್ನಿನಲ್ಲಲ್ಲ, ನಂದೀಶನ ನಾಲಿಗೆಯಲ್ಲಿ ಎಂದು ಕೂಗಾಡಿದ. ಕೇಳಿದವರು ತಲೆಯಾಡಿಸಿ ಚಹಾ ಕುಡಿದು ಎದ್ದುಹೋದರು.

ಖಂಡೆ ಪೂಜೆಯ ಹಿಂದಿನ ದಿನ ಮೆಹಬೂಬಿ ಹೇಳಿ ನೋಡಿದಳು, ಹಟ ಸಾಕು, ಹೋಗಿ ಬಾ ಎಂದು. ಕರೆದರೆ ಹೋಗುತ್ತೇನೆ ಎಂದು ಅವನು ಮುಖ ತಿರುಗಿಸಿದ. ಅತ್ತ ನೀಲಗಂಗವ್ವ, ಎಂದೂ ಕರೆಸಿಕೊಳ್ಳದವನು ಇವತ್ತೂ ಬಂದೇ ಬರುತ್ತಾನೆಂದು ಸಂಜೆಯವರೆಗೆ ದಾರಿ ನೋಡಿದಳಂತೆ.

ಅವನು ಹೋಗಲಿಲ್ಲ. ಮರುದಿನ ಬೆಳಿಗ್ಗೆ ಇಂಜಿನ್ ನಿಲ್ಲಿಸಿ ಹೆಂಗಸರೇ ಒರೆಸಿದರು. ಗ್ಯಾಸಿನ ಸ್ವಿಚ್ ಮಾತ್ರ ಬಂದ್ ಮಾಡಲಿಲ್ಲ, ಮಾಡಬಾರದೆಂದು ನಂದೀಶ ತಾಕೀತು ಮಾಡಿದ್ದ. ಎಳೆದುಕೊಳ್ಳುವ ಇಂಜಿನ್ ನಿಂತಿತ್ತು, ಡಬ್ಬಿ ಗ್ಯಾಸು ಉಗುಳುತ್ತಲೇ ಇತ್ತು. ಇಂಜಿನ್ನಿಗೆ ವಿಭೂತಿ ಎಳೆದು, ಚೆಂಡು ಹೂವಿನ ಮಾಲೆ ಹಾಕಿ, ನೀಲಗಂಗವ್ವ ಕರ್ಪೂರದಾರತಿ ಎತ್ತಿದಳು. ತಟ್ಟೆ ಫಿಲ್ಟರಿನ ಬಾಯಿಯ ಹತ್ತಿರ ಬಂತು. ಹಗಲಿನಲ್ಲಿ ಹೈಡ್ರೋಜನ್ನಿನ ಉರಿ ಕಣ್ಣಿಗೆ ಕಾಣುವುದೇ ಕಷ್ಟ. ಅಲ್ಲಿದ್ದ ಯಾರೂ ಉರಿಯನ್ನು ನೋಡಲಿಲ್ಲ. ನೀರು ಒಡೆದು ಬಂದ ಗ್ಯಾಸಿನಲ್ಲಿ ಉರಿಯುವ ಹೈಡ್ರೋಜನ್ನೂ ಉರಿಸುವ ಆಮ್ಲಜನಕವೂ ಬೆರೆತೇ ಇರುತ್ತವೆ, ಹೊರಗಿನ ಗಾಳಿಯ ಹಂಗಿಲ್ಲ. ಬೆಂಕಿ ಕಣ್ಣೆವೆ ಇಕ್ಕುವುದರೊಳಗೆ ಪೈಪಿನಲ್ಲಿ ಹಿಂದಕ್ಕೆ ಓಡಿ ಡಬ್ಬಿಯನ್ನು ಸಿಡಿಸಿತು. ಕಾಸ್ಟಿಕ್ ನೀರು ಆಕೆಯ ಮುಖಕ್ಕೆ ಎರಚಿತು.

ನೀಲಗಂಗವ್ವನ ಮಗಳು ಕಾಂಚನಾ ಫೋನ್ ಮಾಡಿದಾಗ ಮರ್ದಾನಸಾಬ ಮೊದಲು ಓಡಿದ್ದು ಗದಗಿನಲ್ಲಿದ್ದ ನಂದೀಶನ ಅಂಗಡಿಗೆ. ಕೈಯಲ್ಲಿ ಕಬ್ಬಿಣದ ರಾಡು ಇತ್ತು. ಅಂಗಡಿಗೆ ಬೀಗ, ಫೋನು ಬಂದ್. ಶಟರಿಗೆ ನಾಲ್ಕು ಬಾರಿಸಿ ಆಸ್ಪತ್ರೆಗೆ ಹೋದ. ಬಲಗಣ್ಣಿನ ಆಸೆ ಬಿಡಿ, ಎಡಗಣ್ಣು ಉಳಿಯುತ್ತದೆ ಎಂದು ಡಾಕ್ಟರು ಹೇಳಿದ್ದರು. ಮುಖಕ್ಕೆಲ್ಲ ಪಟ್ಟಿ ಸುತ್ತಿಕೊಂಡು ಮಲಗಿದ್ದವಳನ್ನು ಕಂಡು ಸಂಕಟವಾಯಿತು. ಆದರೆ ಬಾಯಿಂದ ಬಂದದ್ದು ಸಿಟ್ಟೇ.

“ಬಡಕೊಂಡೆ ನಾ ಅವತ್ತ. ಕೇಳಿದ್ಯಾ?”

ನೀಲಗಂಗವ್ವ ದನಿ ಬಂದ ಕಡೆ ತಲೆ ಹೊರಳಿಸಿದಳು.

“ಡೀಸೆಲ್ ಉಳಿಯಂಗಿಲ್ಲ ಅಂದಿದ್ದಿ. ಆರತಿ ಬೆಳಗಬ್ಯಾಡ ಅಂದಿದ್ದೇನ ಅಣ್ಣಾ?”

ಹಂಗಿಸಿ ಕೇಳಿದ್ದಲ್ಲ. ತಾನು ಮರೆತಿರಬಹುದೇನೋ ಎಂಬಂತೆ ಕೇಳಿದಳು.

ಮರ್ದಾನಸಾಬನ ಅಂಗಡಿಯಲ್ಲಿ ಬ್ಯಾಟರಿ ಚಾರ್ಜಿಗೆ ಇಡುವ ಮೂಲೆಯೊಂದಿದೆ. ಚಾರ್ಜಾಗುವ ಬ್ಯಾಟರಿಯಿಂದ ಏಳುವುದೂ ಇದೇ ಗ್ಯಾಸು. ಅಲ್ಲಿ ಬೀಡಿ ಹಚ್ಚಿದವರನ್ನು ಅವನು ಮೂವತ್ತೈದು ವರ್ಷ ಕತ್ತು ಹಿಡಿದು ಹೊರಗೆ ದಬ್ಬಿದ್ದಾನೆ. ಸೊರಟೂರಿನ ಡಬ್ಬಿಯನ್ನು ಕಂಡ ಮೊದಲ ಗಳಿಗೆಯಲ್ಲೇ ಅವನಿಗೆ ಗೊತ್ತಾಗಿತ್ತು. ಆದರೆ ಆ ದಿನ ನಂದೀಶ ಸುಳ್ಳ, ತಾನು ಖರೆ ಎಂದು ಗೆಲ್ಲುವುದರಲ್ಲಿ ಬಿದ್ದ. ಗೆಲ್ಲಲಾಗದೆ ಪಾನಾ ಎಸೆದು ಬಂದ. ಎರಡು ತಿಂಗಳು ಊರೂರು ಬೈದ. ಡಬ್ಬಿಯ ಹತ್ತಿರ ಬೆಂಕಿ ತರಬೇಡಿ ಎಂಬ ಒಂದೇ ಒಂದು ಮಾತನ್ನು ಎಲ್ಲಿಯೂ ಆಡಲಿಲ್ಲ. ಥೂ ಅವನ ಸಿಟ್ಟಿಗೆ! ಇದನ್ನು ಅವನೇ ಅಂದುಕೊಂಡ, ಅದೂ ಜೋರಾಗಿ. ಪಕ್ಕದ ಹಾಸಿಗೆಯವರು ತಿರುಗಿ ನೋಡಿದರು.

“ಇಲ್ಲ ತಂಗೀ. ಗೊತ್ತಿತ್ತು ನನಗ. ಹೇಳಲಿಲ್ಲ.”

ಅವನು ಮಂಚದ ಕಬ್ಬಿಣ ಹಿಡಿದು ನಿಂತ. ಆಕೆ ಹೇಳಿದಳು, ಮುಂಡರಗಿಯಲ್ಲಿ ಇನ್ನೂ ಎರಡು ಗಿರಣಿಗೆ ನಂದೀಶ ಡಬ್ಬಿ ಕೂಡಿಸಿದ್ದಾನೆ, ಅವರು ಪೂಜೆ ಮಾಡುವುದು ನಾಳೆ, ಬನ್ನಿ ಹಬ್ಬದ ದಿನ.

“ಈಗ ಹೋಗು,” ಅಂದಳು. “ಬೈಯೂದು ಆಮ್ಯಾಲ ಬೈ. ಮೊದಲ ಅದನ್ನ ಹೇಳು.”